ಮನಸ್ಸು ನಿಲ್ಲೋದಿಲ್ಲ, ಕಾಲು ಜೋಮು ಹಿಡಿಯುತ್ತೆ, ನಡುವೆ ನಳ ಬರುತ್ತೆ

ಪ್ರಶ್ನೆ: ಅಕ್ಕ, ನಮಸ್ಕಾರ. ನನಗೆ 36 ವರ್ಷ. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಅತ್ತೆ. ಒಂದು ವರ್ಷದಿಂದ ತಲೆ ಸದಾ ಗಿರಗಿರ ತಿರುಗುತ್ತಲೇ ಇರುತ್ತೆ. ಸಣ್ಣದಕ್ಕೂ ಮಕ್ಕಳ ಮೇಲೆ ರೇಗುತ್ತೇನೆ. ಧ್ಯಾನ ಮಾಡು ಅಂತ ಗೆಳತಿ ಹೇಳಿದಳು. ಮೊಬೈಲಿಗೆ ಆ್ಯಪ್ ಹಾಕಿಕೊಂಡು ಮೂರು ಸಲ ಶುರು ಮಾಡಿದೆ. ಮೂರು ಸಲವೂ ವಾರದೊಳಗೆ ಬಿಟ್ಟೆ. ಕಣ್ಣು ಮುಚ್ಚಿದ ಕೂಡಲೇ ಮಿಲ್ಲಿನ ಲೆಕ್ಕ, ಮಕ್ಕಳ ಫೀಸು ಎಲ್ಲ ಒಟ್ಟಿಗೆ ನುಗ್ಗುತ್ತೆ. ಇಲ್ಲವಾದರೆ ನಿದ್ದೆ. ಹತ್ತು ನಿಮಿಷ ಕೂತರೆ ಕಾಲು ಜೋಮು. ಉಸಿರನ್ನು ಗಮನಿಸಿದರೆ ಉಸಿರು ಕಟ್ಟಿದ ಹಾಗಾಗುತ್ತೆ. ಒಂದು ದಿನ ತೀರಿಕೊಂಡ ಅಪ್ಪ ನೆನಪಾಗಿ ಜೋರು ಅಳು ಬಂತು. ಅತ್ತೆ ದಿನಾ ಲಿಂಗಪೂಜೆ ಮಾಡುತ್ತಾರೆ, ಆದರೆ ನಾನು ಕೂತರೆ "ಕಣ್ಣ ಮುಚ್ಚಿ ಕುಂತ್ರ ಒಲಿ ಯಾರ ಹಚ್ಚೋರು?" ಅಂತಾರೆ. 21 ದಿನ ತಪ್ಪದೆ ಮಾಡಿದರೆ ಅಭ್ಯಾಸ ಆಗುತ್ತೆ ಅಂತ ಆ್ಯಪ್ ಹೇಳುತ್ತೆ. ನನಗೆ ಏಳು ದಿನವೂ ದಾಟಲಿಲ್ಲ. ನನ್ನಂಥವರಿಗೆ ಧ್ಯಾನ ಒಗ್ಗೋದಿಲ್ವಾ? ಇನ್ನೊಂದು ಸಣ್ಣ ಪ್ರಶ್ನೆ, ಮುಟ್ಟಾದಾಗ ಕೂರಬಹುದಾ?

ಉತ್ತರ: ಒಗ್ಗುತ್ತೆ ತಂಗೀ. ನಿಮ್ಮ ಪತ್ರ ಓದುವಾಗ ನನಗೆ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಕೊಪ್ಪಳದಲ್ಲಿ ನಾನು ಧ್ಯಾನ ಕಲಿಸಲು ಶುರು ಮಾಡಿ ಹದಿನೆಂಟು ವರ್ಷ ಆಯಿತು. ಇಷ್ಟು ದಿನ ನನ್ನ ಹತ್ತಿರ ಬಂದವರು ಒಬ್ಬೊಬ್ಬರಾಗಿ ಹೇಳಿದ ಗೋಳನ್ನೆಲ್ಲ ನೀವು ಒಂದೇ ಹಾಳೆಯಲ್ಲಿ ಬರೆದು ಕಳಿಸಿದ್ದೀರಿ. ಒಂದೂ ಬಿಟ್ಟಿಲ್ಲ. ಈ ಗೋಳು ಹೊಸದೂ ಅಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಒಂಬತ್ತು ಅಡ್ಡಿಗಳ ಪಟ್ಟಿ ಇದೆ. ಮೊದಲನೆಯದು ಕಾಯಿಲೆ, ಮೂರನೆಯದು ಅನುಮಾನ, ಐದನೆಯದು ಸೋಮಾರಿತನ, ಒಂಬತ್ತನೆಯದು ಕೈಗೆ ಬಂದದ್ದು ನಿಲ್ಲದೇ ಜಾರಿಹೋಗುವುದು. ಆಗ ಮೊಬೈಲೂ ಇರಲಿಲ್ಲ, ರೈಸ್ ಮಿಲ್ಲೂ ಇರಲಿಲ್ಲ. ಆದರೂ ಕೂತವರ ಕಷ್ಟ ಇದೇ ಆಗಿತ್ತು.

ಮನಸ್ಸು ಓಡುವ ವಿಷಯ ಮೊದಲು ಮಾತಾಡೋಣ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತೆ.

ಧ್ಯಾನ ಅಂದರೆ ತಲೆ ಖಾಲಿ ಆಗಬೇಕು ಅಂತ ಬಹಳ ಜನ ನಂಬಿದ್ದಾರೆ. ಈ ಒಂದು ಮಾತು ನಂಬಿ ಧ್ಯಾನ ಬಿಟ್ಟವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರಿಗೆ ದಿನದ ಯಾವುದೋ ಹೊತ್ತಿನಲ್ಲಿ ಫೋನಿಗೆ ಪ್ರಶ್ನೆ ಬರುತ್ತಿತ್ತು: ಈಗ ಏನು ಮಾಡ್ತಿದ್ದೀರಿ, ನಿಮ್ಮ ಮನಸ್ಸು ಅದರಲ್ಲೇ ಇದೆಯಾ? ನೂರಕ್ಕೆ ಸುಮಾರು 47 ಸಲ ಮನಸ್ಸು ಬೇರೆಲ್ಲೋ ಇತ್ತು. ಅವರೇನೂ ಕಣ್ಣು ಮುಚ್ಚಿ ಕೂತಿರಲಿಲ್ಲ. ಅಡುಗೆ, ಆಫೀಸು, ಪ್ರಯಾಣ, ಹೀಗೆ ಸುಮ್ನೆ ಬದುಕುತ್ತಿದ್ದರು. ಅಂದರೆ ನಿಮ್ಮ ಮನಸ್ಸು ಧ್ಯಾನಕ್ಕೆ ಕೂತಾಗ ಓಡಲು ಶುರು ಮಾಡಿದ್ದಲ್ಲ. ಮೊದಲಿಂದಲೂ ಓಡುತ್ತಲೇ ಇತ್ತು. ಕೂತಾಗ ನಿಮ್ಮ ಕಣ್ಣಿಗೆ ಬಿತ್ತು, ಅಷ್ಟೇ.

ಇದನ್ನು ನಿಮ್ಮ ಕೆಲಸದ ಮಾತಲ್ಲೇ ಹೇಳುತ್ತೇನೆ. ಸಂಜೆ ಕ್ಯಾಶ್ ಬುಕ್ ತಾಳೆ ಹಾಕುತ್ತೀರಿ. 340 ರೂಪಾಯಿ ವ್ಯತ್ಯಾಸ ಬರುತ್ತೆ. ಚೀಟಿಗಳನ್ನೆಲ್ಲ ಮತ್ತೆ ಹರಡಿಕೊಂಡು ಒಂದೊಂದೇ ಟಿಕ್ ಹಾಕುತ್ತಾ ಹೋಗುತ್ತೀರಿ. ಹಮಾಲರ ಕೂಲಿ ಎರಡು ಸಲ ಬರೆದದ್ದು ಸಿಗುತ್ತೆ. ಆಗ "ಅಯ್ಯೋ, ನನಗೆ ಲೆಕ್ಕವೇ ಬರೋದಿಲ್ಲ" ಅಂತ ಪುಸ್ತಕ ಮುಚ್ಚಿ ಮನೆಗೆ ಹೋಗುತ್ತೀರಾ? ಇಲ್ಲ. "ಸಿಕ್ತಪ್ಪ" ಅಂತ ಒಂದು ಉಸಿರು ಬಿಟ್ಟು, ಹೊಡೆದುಹಾಕಿ, ಮುಂದಿನ ಸಾಲಿಗೆ ಹೋಗುತ್ತೀರಿ. ಧ್ಯಾನದಲ್ಲೂ ಅಷ್ಟೇ. ಮನಸ್ಸು ಫೀಸಿನ ಕಡೆ ಹೋಯಿತು. ಹೋಗಿದ್ದು ಗೊತ್ತಾಯಿತು. ವಾಪಸ್ ಬಂದಿರಿ. ಆ ಗೊತ್ತಾದ ಗಳಿಗೆ ಇದೆಯಲ್ಲ, ಅದೇ ಧ್ಯಾನ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಓಡಿ ಮೂವತ್ತು ಸಲ ಬಂದರೆ ಮೂವತ್ತು ತಪ್ಪು ಹಿಡಿದ ಹಾಗೆ. ನೀವು ಅದನ್ನು ಮೂವತ್ತು ಸಲ ಸೋತೆ ಅಂತ ಬರೆದುಕೊಂಡಿದ್ದೀರಿ. ಜಮಾ ಕಡೆ ಬರೆಯೋದನ್ನು ಖರ್ಚಿನ ಕಡೆ ಬರೆದಿದ್ದೀರಿ.

ಕಲಿಸುವವರ ತಲೆ ಶಾಂತವಾಗಿರುತ್ತೆ ಅಂತ ಬೇರೆ ಅಂದುಕೊಂಡಿರುತ್ತೀರಿ. ನಿನ್ನೆ ಬೆಳಿಗ್ಗೆ ನಾನು ಕೂತ ಕಥೆ ಕೇಳಿ. ಐದೂಕಾಲಿಗೆ ಕೂತೆ. ಉಸಿರು ಬಿಡುವಾಗ ಒಂದು, ಎರಡು, ಮೂರು ಅಂತ ಎಣಿಸಿಕೊಂಡೆ. ನಾಲ್ಕಕ್ಕೆ ಬರುವಷ್ಟರಲ್ಲಿ ಈರುಳ್ಳಿ ರೇಟು. ಈರುಳ್ಳಿಯಿಂದ ಸೋದರತ್ತೆಯ ಮಗಳ ಮದುವೆ, ಮದುವೆಯಿಂದ ಯಾವ ಸೀರೆ ಉಡಲಿ ಅನ್ನೋದು. ಸೀರೆಯ ಅಂಚಿನ ತನಕ ಹೋದಮೇಲೆ ಗೊತ್ತಾಯಿತು. ಮತ್ತೆ ಒಂದರಿಂದ. ಆರಕ್ಕೆ ಬಂದಾಗ ಪಕ್ಕದ ಮನೆಯವರು "ನಳ ಬಂದೈತಿ, ನಳಾ!" ಅಂತ ಕೂಗಿದರು. ನಮ್ಮ ಓಣಿಗೆ ನೀರು ದಿನಾ ಬರೋದಿಲ್ಲ. ಎದ್ದೆ. ಹೌದು, ಎದ್ದೆ. ಡ್ರಮ್ಮಿಗೆ ಪೈಪ್ ಹಚ್ಚಿ, ಎರಡು ಕೊಡ ತುಂಬಿಸಿ, ಕೈ ಒರೆಸಿಕೊಂಡು ಬಂದು ಮತ್ತೆ ಕೂತೆ. ಕೂತಮೇಲೆ ಡ್ರಮ್ಮು ತುಂಬಿ ಚೆಲ್ಲುತ್ತಿದೆಯೇನೋ ಅನ್ನೋ ಯೋಚನೆ. ಇಷ್ಟರ ನಡುವೆ ಹತ್ತರ ತನಕ ಎಣಿಸಲು ಆದದ್ದು ಎರಡೇ ಸಲ. ಹದಿನೆಂಟು ವರ್ಷದ ಅಭ್ಯಾಸದ ಹಣೆಬರಹ ಇದು. ನನಗೆ ಅದರಿಂದ ಬೇಜಾರಿಲ್ಲ. ವ್ಯತ್ಯಾಸ ಇಷ್ಟೇ: ಮೊದಲು ಸೀರೆ ಉಟ್ಟು, ಮದುವೆ ಊಟ ಮುಗಿಸಿ, ಬಸ್ ಹತ್ತಿ ವಾಪಸ್ ಬಂದಮೇಲೆ ಗೊತ್ತಾಗುತ್ತಿತ್ತು. ಈಗ ಅಂಚಿಗೆ ಬಂದಾಗ ಗೊತ್ತಾಗುತ್ತೆ.

ನೀವೂ ಎಣಿಕೆಯಿಂದಲೇ ಶುರು ಮಾಡಿ. ಅಂಕಿ ನಿಮಗೆ ಹೇಗೂ ಒಗ್ಗಿದೆ. ಉಸಿರು ಬಿಡುವಾಗ ಒಂದೊಂದು ಅಂಕಿ, ಹತ್ತಾದಮೇಲೆ ಮತ್ತೆ ಒಂದು. ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹುಡುಕಬೇಡಿ. ಇದೊಂದು ಲೆಕ್ಕದಲ್ಲಿ ಮಾತ್ರ ಹಳೇ ಬಾಕಿ ನೋಡೋದಿಲ್ಲ. ಸೀದಾ ಒಂದಕ್ಕೆ ಬನ್ನಿ.

ಉಸಿರು ಕಟ್ಟಿದ ಹಾಗಾಗುತ್ತೆ ಅಂದಿರಿ. ಇದಕ್ಕೆ ಹೆದರಬೇಡಿ, ಕಾರಣ ಸರಳ. ಉಸಿರಾಟ ದಿನವಿಡೀ ತಾನಾಗಿ ನಡೆಯುತ್ತೆ. ಮಿದುಳಿನ ಬುಡದ ಭಾಗ ಅದನ್ನು ನೋಡಿಕೊಳ್ಳುತ್ತೆ. ಆದರೆ ಬೇಕಾದಾಗ ನಾವೂ ಅದರ ಸ್ಟೀರಿಂಗ್ ಹಿಡಿಯಬಹುದು. ನೋಡು ಅಂದರೆ ಬಹಳ ಜನ ನೋಡೋದಿಲ್ಲ, ಓಡಿಸೋಕೆ ಶುರು ಮಾಡುತ್ತಾರೆ. ಉದ್ದ ಎಳೀತಾರೆ, ಬಿಗಿ ಹಿಡೀತಾರೆ, ಸರಿಯಾಗ್ತಿದೆಯಾ ಅಂತ ತಪಾಸಣೆ ಮಾಡುತ್ತಾರೆ. ಆಗ ಎದೆ ಬಿಗಿಯುತ್ತೆ. ನಿಮ್ಮದು ತಪ್ಪು ಹಿಡಿಯುವ ಉದ್ಯೋಗ, ಹಾಗಾಗಿ ಉಸಿರಲ್ಲೂ ತಪ್ಪು ಹುಡುಕುತ್ತಿದ್ದೀರಿ ಅಂತ ನನ್ನ ಅನುಮಾನ.

ಹಾಗಾದರೆ ಕೊಂಚ ದಿನ ಉಸಿರನ್ನೇ ಬಿಟ್ಟುಬಿಡಿ. ಅಂಗಾಲಿಗೆ ಬನ್ನಿ. ಎರಡೂ ಪಾದ ನೆಲಕ್ಕೆ ಊರಿ ಕುರ್ಚಿಯಲ್ಲಿ ಕೂರಿ. ಹಿಮ್ಮಡಿ ಎಲ್ಲಿ ಒತ್ತುತ್ತಿದೆ, ಬೆರಳುಗಳ ನಡುವೆ ಗಾಳಿ ಆಡುತ್ತಿದೆಯಾ, ಬಂಡೆಗಲ್ಲಿನ ನೆಲ ಬೆಳಗಿನ ಹೊತ್ತು ಎಷ್ಟು ತಣ್ಣಗಿದೆ, ಇಷ್ಟೇ. ಎಣಿಕೆಯನ್ನು ಉಸಿರಿನ ಬದಲು ಬೆರಳ ಗೆಣ್ಣಿನ ಮೇಲೆ ಮಾಡಿ, ನಿಧಾನಕ್ಕೆ ಒಂದೊಂದೇ ಗೆಣ್ಣು. ಅಥವಾ ಬರೀ ಸದ್ದು ಕೇಳಿ. ಎರಡು ವಾರ ಆದಮೇಲೆ ಉಸಿರಿನ ಕಡೆ ಹೋಗಿ, ಆಗಲೂ ಮೂಗಿನ ಹತ್ತಿರ ಅಲ್ಲ, ಹೊಟ್ಟೆಯ ಮೇಲೆ ಕೈ ಇಟ್ಟು. ಉಸಿರು ತೆಗೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಚುರುಕಾಗುತ್ತೆ, ಬಿಡುವಾಗ ನಿಧಾನ ಆಗುತ್ತೆ. ಅದಕ್ಕೇ ಶುರುವಿನಲ್ಲಿ ಮೂರು ಸಲ ಉದ್ದಕ್ಕೆ ಬಿಟ್ಟರೆ ಮೈ ಸಡಿಲಾಗುತ್ತೆ. ಬಿಸಿ ಚಾ ಆರಿಸೋಕೆ ಊದುತ್ತೀವಲ್ಲ, ಹಾಗೆ. ಮೂರೇ ಸಲ. ಆಮೇಲೆ ಅದರ ಪಾಡಿಗೆ ಅದನ್ನು ಬಿಟ್ಟುಬಿಡಿ.

ಕಾಲಿನ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ಕಲಿಯುವಾಗ ಪದ್ಮಾಸನವೇ ಆಗಬೇಕು ಅಂತ ಹಠ. ನೋವು ಬಂದರೆ ಅದೂ ಸಾಧನೆ ಅಂದುಕೊಂಡೆ. ಮೊಣಕಾಲು ಬಾತು ಮೂರು ವಾರ ಮೆಟ್ಟಿಲು ಹತ್ತಲಾಗಲಿಲ್ಲ. ನೋಡಿದ ಡಾಕ್ಟರು "ನಿಮಗೆ ಧ್ಯಾನ ಬೇಕೋ, ಮೊಣಕಾಲು ಬೇಕೋ?" ಅಂದರು. ಅವತ್ತಿಂದ ಹಠ ಬಿಟ್ಟೆ. ಆಸನ ಅಂದರೆ ಸ್ಥಿರವಾಗಿರಬೇಕು, ಸುಖವಾಗಿರಬೇಕು ಅಂತ ಪತಂಜಲಿಯೇ ಹೇಳಿರೋದು. ಸುಖದ ಮಾತು ಎಲ್ಲರೂ ಮರೆತುಬಿಡುತ್ತಾರೆ.

ಜೋಮು ಹಿಡಿಯೋದು ಕಾಲಿನ ನರದ ಮೇಲೆ ಭಾರ ಬಿದ್ದಾಗ. ಭಾರ ತೆಗೆದರೆ ಹೋಗುತ್ತೆ. ಇದಕ್ಕೆ ಅಂಗಡಿಯ ಧ್ಯಾನದ ದಿಂಬು ಬೇಕಿಲ್ಲ. ನಿಮ್ಮನೆಯಲ್ಲಿ ಹಳೇ ಕೌದಿ ಇದ್ದೇ ಇರುತ್ತೆ. ಅದನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಮಧ್ಯಕ್ಕೆ ಮಡಚಿ. ಅಂಗೈ ಅಡ್ಡ ಇಟ್ಟರೆ ಎಷ್ಟೋ ಅಷ್ಟು ಎತ್ತರ ಬರಬೇಕು. ಅದರ ಅಂಚಿನ ಮೇಲೆ ಕೂರಿ, ನಡುವಿನಲ್ಲಿ ಅಲ್ಲ. ಕುಂಡೆ ಮೇಲೆ, ಮೊಣಕಾಲು ಕೆಳಗೆ. ಹಾಗೆ ಕೂತಾಗ ಬೆನ್ನು ತಾನಾಗಿ ನೆಟ್ಟಗಾಗುತ್ತೆ, ನೀವು ಎಳೆದು ನಿಲ್ಲಿಸಬೇಕಿಲ್ಲ. ಮೊಣಕಾಲು ನೆಲಕ್ಕೆ ಮುಟ್ಟದಿದ್ದರೆ ಅದರ ಕೆಳಗೂ ಒಂದು ಟವೆಲ್ ಸುತ್ತಿ ಇಡಿ. ಕಾಲ ಮೇಲೆ ಕಾಲು ಹಾಕದೆ ಎರಡನ್ನೂ ನೆಲದ ಮೇಲೆ ಹಿಂದೆ ಮುಂದೆ ಇಟ್ಟುಕೊಳ್ಳಿ. ಅಷ್ಟಾದರೂ ಜೋಮು ಬಂದರೆ ಕಾಲು ಚಾಚಿ, ತಪ್ಪೇನಿಲ್ಲ. ಎದ್ದು ನಿಲ್ಲುವ ಮುಂಚೆ ಜೋಮು ಪೂರ್ತಿ ಇಳಿಯಲಿ, ಇಲ್ಲವಾದರೆ ಬೀಳುತ್ತೀರಿ. ಕುರ್ಚಿಯಲ್ಲಿ ಕೂತರೆ ಫಲ ಕಡಿಮೆ ಅಂತ ಯಾರಾದರೂ ಹೇಳಿದರೆ ಹ್ಞೂಂ ಅನ್ನಿ, ಕುರ್ಚಿಯಲ್ಲೇ ಕೂರಿ.

ನಿದ್ದೆ ಬಂದರೆ ಮೊದಲು ನಿದ್ದೆಯ ಲೆಕ್ಕ ನೋಡಿ. ರಾತ್ರಿ ಎಷ್ಟಕ್ಕೆ ಮಲಗುತ್ತೀರಿ ಅಂತ ನೀವು ಬರೆದಿಲ್ಲ. ಮಿಲ್ಲು, ಅಡುಗೆ, ಮಕ್ಕಳ ಹೋಮ್‌ವರ್ಕ್ ಎಲ್ಲ ಮುಗಿಯೋದು ಹನ್ನೊಂದೂವರೆ ಅಂತ ಇಟ್ಟುಕೊಳ್ಳೋಣ. ಐದಕ್ಕೆ ಎದ್ದರೆ ಐದೂವರೆ ತಾಸು. ದೊಡ್ಡವರಿಗೆ ಏಳು ತಾಸಾದರೂ ಬೇಕು. ಕಣ್ಣು ಮುಚ್ಚಿ ಅಲ್ಲಾಡದೆ ಕೂತ ಮೈಗೆ ನಿದ್ದೆ ಬರದೆ ಇನ್ನೇನು ಬರಬೇಕು? ಅದು ಧ್ಯಾನದ ದೋಷ ಅಲ್ಲ, ಸಾಲ ವಸೂಲಿ. ಧ್ಯಾನಕ್ಕೋಸ್ಕರ ನಾಲ್ಕಕ್ಕೆ ಏಳೋ ಸಾಹಸ ಮಾಡಬೇಡಿ. ಹತ್ತು ನಿಮಿಷ ನಿದ್ದೆ ಕಡಿಮೆ ಮಾಡಿ ಧ್ಯಾನ ಮಾಡೋದಾದರೆ, ಆ ಹತ್ತು ನಿಮಿಷ ಮಲಗಿ ಅಂತಲೇ ನಾನು ಹೇಳೋದು.

ನಿದ್ದೆ ಸರಿಯಾಗಿ ಆಗಿಯೂ ತೂಕಡಿಕೆ ಬಂದರೆ ಕಣ್ಣು ಅರೆ ತೆರೆದು ಮುಂದೆ ನೆಲ ನೋಡುತ್ತಾ ಕೂರಿ. ಊಟದ ಮೇಲೆ ಕೂರಬೇಡಿ, ಎರಡು ರೊಟ್ಟಿ ತಿಂದು ಧ್ಯಾನಕ್ಕೆ ಕೂತವರು ಗೊರಕೆ ಹೊಡೆದದ್ದನ್ನು ನನ್ನ ತರಗತಿಯಲ್ಲೇ ಕೇಳಿದ್ದೇನೆ. ಇಲ್ಲವೇ ಎದ್ದು ನಡೆಯಿರಿ. ಅಡುಗೆಮನೆಯಿಂದ ಪಡಸಾಲೆಗೆ ಹತ್ತು ಹೆಜ್ಜೆ, ಮತ್ತೆ ವಾಪಸ್ ಹತ್ತು. ಹಿಮ್ಮಡಿ ಊರಿದ್ದು, ಬೆರಳು ಊರಿದ್ದು ಗಮನಿಸುತ್ತಾ. ಬೌದ್ಧ ಭಿಕ್ಷುಗಳು ಕೂತು ಮಾಡುವ ಹಾಗೆ ನಡೆದೂ ಧ್ಯಾನ ಮಾಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟಿದಾಗ ಒಳಗೆ ಕೂರೋಕೇ ಆಗೋದಿಲ್ಲ. ಆಗ ಮಾಳಿಗೆ ಮೇಲೆ ರಾತ್ರಿ ಹೊತ್ತು ನಡೆಯೋದೇ ಚೆಂದ.

ಸದ್ದಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗುಡಿಯ ಮೈಕು, ಮಸೀದಿಯ ಆಜಾನು, ಕುಕ್ಕರಿನ ಸೀಟಿ, ಮಿಲ್ಲಿನ ಲಾರಿ, ಯಾವುದೂ ನಿಲ್ಲೋದಿಲ್ಲ. ಸದ್ದು ಅಡ್ಡಿಯಲ್ಲ. "ಇದು ಇರಬಾರದಿತ್ತು" ಅನ್ನೋ ಕಿರಿಕಿರಿ ಅಡ್ಡಿ. ಸದ್ದನ್ನೇ ಉಸಿರಿನ ಜಾಗದಲ್ಲಿ ಇಟ್ಟುಕೊಳ್ಳಿ, ಕೇಳ್ತಾ ಕೂರಿ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅದು. ನಿಮ್ಮ ಅತ್ತೆ ದಿನಾ ಲಿಂಗಪೂಜೆ ಮಾಡುತ್ತಾರೆ ಅಂತ ಬರೆದು, ಮುಂದಿನ ಮಾತಿಗೆ ಅವರು ನಿಮ್ಮ ಧ್ಯಾನಕ್ಕೆ ಅಡ್ಡಿ ಅಂತ ಬರೆದಿದ್ದೀರಿ. ನಾಳೆ ಬೆಳಿಗ್ಗೆ ಅವರನ್ನು ಸುಮ್ನೆ ಒಂದು ಸಲ ನೋಡಿ. ವಿಭೂತಿ ಹಚ್ಚಿಕೊಂಡು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಳ್ಳುತ್ತಾರೆ. ಅಂಗೈಯನ್ನು ಎದೆಯ ಎತ್ತರಕ್ಕೆ ತರುತ್ತಾರೆ. ಲಿಂಗದ ಮೇಲಿನ ಕಪ್ಪು ಲೇಪ, ಅಂದರೆ ಕಂಥಿ, ಅದರ ಮೇಲೆ ದೀಪದ ಬೆಳಕಿನ ಒಂದು ಚುಕ್ಕೆ ಮಿನುಗುತ್ತೆ. ಅವರ ಕಣ್ಣು ಅದರ ಮೇಲೇ ನಿಲ್ಲುತ್ತೆ. ತುಟಿ ಮಾತ್ರ ಅಲ್ಲಾಡುತ್ತೆ, ಆಮೇಲೆ ಅದೂ ನಿಲ್ಲುತ್ತೆ. ಅದು ಏನು ಅಂದುಕೊಂಡಿರಿ? ಆ್ಯಪಿನಲ್ಲಿ ನೀವು ಹುಡುಕುತ್ತಿರೋದನ್ನು ಅವರು ಮದುವೆಯಾಗಿ ಬಂದಾಗಿಂದ ನಿಮ್ಮ ಪಡಸಾಲೆಯಲ್ಲೇ ಮಾಡುತ್ತಿದ್ದಾರೆ. ನಡುವೆ ಮೊಮ್ಮಕ್ಕಳು ಕಿರುಚಿದರೆ ಎದ್ದುಹೋಗುತ್ತಾರಾ? ನನಗನಿಸುತ್ತೆ, ಅರೆಗಣ್ಣಲ್ಲಿ ನೋಡಿ ಮತ್ತೆ ಲಿಂಗಕ್ಕೆ ಬರುತ್ತಾರೆ.

ಕುಷ್ಟಗಿ ಕಡೆಯ ಒಬ್ಬ ಹೆಣ್ಣುಮಗಳು ಇದೇ ದೂರು ತಂದಿದ್ದಳು. ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಡ, ಅತ್ತೆಯ ಪಕ್ಕ ಕೂರು ಅಂದೆ. ಅವಳು ಹೋಗಿ "ಅತ್ತಿ, ನಿಮ್ಮ ಬಾಜೂಕ ನಾನೂ ಒಂದೀಟು ಕುಂದರ್ಲೇನು?" ಅಂದಳಂತೆ. "ಕುಂದ್ರು, ಬ್ಯಾಡಂದವರು ಯಾರು?" ಅಂದರಂತೆ ಅತ್ತೆ. ತಿಂಗಳಾದಮೇಲೆ ಅವಳು ಏಳೋದು ತಡವಾದ ದಿನ ಅತ್ತೆಯೇ ಮಣೆ ಪಕ್ಕಕ್ಕೆ ಸರಿಸಿ ಜಾಗ ಬಿಟ್ಟುಕೊಂಡು ಕಾಯುತ್ತಿದ್ದರು. ಎಲ್ಲ ಮನೆಯಲ್ಲೂ ಹೀಗೇ ಆಗುತ್ತೆ ಅಂತ ನಾನು ಮಾತು ಕೊಡೋದಿಲ್ಲ. ಆದರೆ ಬಾಗಿಲು ಹಾಕಿಕೊಂಡ ಸೊಸೆ ಮತ್ತು ಪಕ್ಕದಲ್ಲಿ ಕೂತ ಸೊಸೆ ಒಂದೇ ಅಲ್ಲ, ಅಲ್ವಾ?

ಇನ್ನು ಒಲೆ. ಅವರ ಮಾತಲ್ಲಿ ಸತ್ಯವೂ ಇದೆ. ಹೊತ್ತಿಗೆ ಸರಿಯಾಗಿ ಚಾ ಬೇಕು. ಮೊದಲು ಚಾ ಇಟ್ಟು ಎಲ್ಲರಿಗೂ ಕೊಟ್ಟುಬಿಡಿ. ನಿಮ್ಮ ಕಪ್ಪು ಖಾಲಿಯಾದ ಕೂಡಲೇ, ಲೋಟ ತೊಳೆಯುವ ಮುಂಚೆ, ಕೂರಿ. ಹೊಸ ಅಭ್ಯಾಸವನ್ನು ಹಳೇ ಅಭ್ಯಾಸದ ಬಾಲಕ್ಕೆ ಕಟ್ಟಿದರೆ ನೆನಪು ಇಟ್ಟುಕೊಳ್ಳೋ ಕಷ್ಟ ಇರೋದಿಲ್ಲ. ಒಲೆ, ಮಕ್ಕಳ ಟಿಫಿನ್ ಬಾಕ್ಸ್, ಇದರಲ್ಲಿ ಸ್ವಲ್ಪ ನಿಮ್ಮ ಯಜಮಾನರಿಗೂ ಹಂಚಬಹುದು. ಪತ್ರದಲ್ಲಿ ಅವರ ಹೆಸರು ಒಂದೇ ಸಲ ಬಂದಿದೆ, ಅದೂ ಮನೆಯ ಜನರನ್ನು ಎಣಿಸುವಾಗ.

21 ದಿನದ ಕಥೆ ಗೊತ್ತಾ? 1960ರ ಹೊತ್ತಿಗೆ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ತಮ್ಮ ರೋಗಿಗಳು ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆ ಅಂದರೂ" ಉದುರಿಹೋಯಿತು, ಮೂಗು ಮುಖದ ಮಾತೂ ಉದುರಿಹೋಯಿತು, 21 ಮಾತ್ರ ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಿಜವಾಗಿ ನೋಡಿದಾಗ ಒಂದು ಹೊಸ ಕೆಲಸ ರೂಢಿಯಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದ ತನಕ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ ಅನ್ನೋದು ಅದರಲ್ಲೇ ಕಂಡ ವಿಷಯ. ನಿಮ್ಮ ಆ್ಯಪು ಒಂದು ದಿನ ತಪ್ಪಿದರೆ ಎಣಿಕೆಯನ್ನು ಸೊನ್ನೆಗೆ ತರುತ್ತೆ, ನೀವು ಬೇಜಾರಾಗಿ ಬಿಡುತ್ತೀರಿ. ಆ್ಯಪು ತೆಗೆದುಹಾಕಿ. ಅದು ಸಮುದ್ರದ ಅಲೆ ನೆನೆಸಿಕೊಳ್ಳಿ ಅಂತ ಬೇರೆ ಹೇಳುತ್ತಿರುತ್ತೆ. ನಮ್ಮ ಕಡೆ ಸಮುದ್ರ ಎಲ್ಲಿದೆ? ಕಾಲುವೆ ಅಂದಿದ್ದರೆ ಒಂದು ಮಾತು. ಫೋನಿನಲ್ಲಿ ಗಂಟೆ ಹೊಡೆಯುವ ಟೈಮರ್ ಸಾಕು, ಸೈಲೆಂಟ್ ಮಾಡಿ ಬೋರಲಾಗಿ ಇಡಿ.

ಎಷ್ಟು ಹೊತ್ತು? ಐದು ನಿಮಿಷ. ಹತ್ತಕ್ಕೆ ಆಸೆ ಪಡಬೇಡಿ. ನಾನು ಮೊದಲ ಸಲ ಹತ್ತು ದಿನದ ಶಿಬಿರ ಮುಗಿಸಿ ಬಂದಾಗ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಅಂತ ಶಪಥ ಮಾಡಿದೆ. ಹನ್ನೊಂದನೇ ದಿನಕ್ಕೆ ತಪ್ಪಿತು. ತಪ್ಪಿತಲ್ಲ ಅನ್ನೋ ನಾಚಿಕೆಗೆ ಏಳು ತಿಂಗಳು ಕೂರಲೇ ಇಲ್ಲ. ಐದು ನಿಮಿಷದವರಿಗೆ ಆ ನಾಚಿಕೆ ಬರೋದಿಲ್ಲ. ಮೂರು ವಾರ ಐದೇ ನಿಮಿಷ ಇರಲಿ, ಇನ್ನೂ ಕೂರೋಣ ಅನಿಸಿದರೂ ಏಳಿ. ಸುಗ್ಗಿ ಬಂದಾಗ, ಭತ್ತದ ಲಾರಿ ಸಾಲು ನಿಂತು ನೀವು ರಾತ್ರಿ ಒಂಬತ್ತರ ತನಕ ಮಿಲ್ಲಿನಲ್ಲಿರುವಾಗ, ಎರಡು ನಿಮಿಷಕ್ಕೆ ಇಳಿಸಿ. ಬೆಳಿಗ್ಗೆ ಕಂಪ್ಯೂಟರ್ ಆನ್ ಆಗುವ ತನಕ ಕುರ್ಚಿಯಲ್ಲೇ, ಅಂಗಾಲು ನೆಲಕ್ಕೆ ಊರಿ. ಯಾರಿಗೂ ಗೊತ್ತಾಗೋದಿಲ್ಲ.

ಮೂರು ಸಲ ಬಿಟ್ಟೆ ಅಂತ ಕೊರಗುತ್ತೀರಲ್ಲ, ಒಂದು ಸಲ ಕೊಪ್ಪಳಕ್ಕೆ ಬಂದಾಗ ಗವಿಮಠದ ಗುಡ್ಡ ಹತ್ತಿ. ಅಲ್ಲೊಂದು ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಹತ್ತಿರದ ಪಾಲ್ಕಿಗುಂಡಿನಲ್ಲಿ ಇನ್ನೊಂದು. 1931ರಲ್ಲಿ ಬೆಳಕಿಗೆ ಬಂದವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ನಮಗೆ ಓದೋಕೆ ಬರೋದಿಲ್ಲ. ಆದರೆ ಅದರಲ್ಲಿ ಇರೋ ಸಂಗತಿ ಕೇಳಿ. ತಾನು ಉಪಾಸಕನಾಗಿ, ಅಂದರೆ ಮನೆಯಲ್ಲಿದ್ದೇ ಬುದ್ಧನ ದಾರಿ ಹಿಡಿದವನಾಗಿ, ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ಅಷ್ಟೇನೂ ಶ್ರಮ ಹಾಕಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋಗಿ ಗಟ್ಟಿಯಾಗಿ ಹಿಡಿದದ್ದು ಈಗ ವರ್ಷದಿಂದ ಈಚೆಗೆ ಅಂತ ಚಕ್ರವರ್ತಿ ಹೇಳಿಕೊಂಡಿದ್ದಾನೆ. ಈ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸಿಗುತ್ತೆ ಅಂತಲೂ ಇದೆ. ಅವನು ಹೇಳಿದ್ದು ಧರ್ಮದ ದಾರಿಯ ಬಗ್ಗೆ, ಕಣ್ಣು ಮುಚ್ಚಿ ಕೂರುವ ಬಗ್ಗೆ ಅಲ್ಲ. ಆದರೂ ನನಗೆ ಆ ಒಂದು ವರ್ಷದ ಮೇಲೆ ಬಹಳ ಪ್ರೀತಿ. ಮುಚ್ಚಿಡಬಹುದಿತ್ತು. ಕಲ್ಲಿನ ಮೇಲೆ ಕೆತ್ತಿಸಿಬಿಟ್ಟ. ನಮ್ಮೂರ ಕಲ್ಲಿನ ಮೇಲೆ.

ಈಗ ಅಳುವಿನ ಮಾತು. ಇದನ್ನು ಹಗುರವಾಗಿ ಬಿಡೋದಿಲ್ಲ. ದಿನವಿಡೀ ಕೆಲಸದಲ್ಲಿ ಮುಳುಗಿರುವವರಿಗೆ ದುಃಖಪಡೋಕೂ ಪುರುಸೊತ್ತು ಸಿಕ್ಕಿರೋದಿಲ್ಲ. ಕೂತಾಗ ಸಿಗುತ್ತೆ. ಅಪ್ಪ ನೆನಪಾಗಿ ಅತ್ತರೆ ಅಳಿ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಕಣ್ಣು ತೆರೆದು, ಎದುರಿನ ಗೋಡೆ, ಕಿಟಕಿ, ನೆಲ ನೋಡಿ, ಪಾದಕ್ಕೆ ಬನ್ನಿ. ಅವತ್ತಿಗೆ ಸಾಕು ಅನಿಸಿದರೆ ಏಳಿ. ಅತ್ತಮೇಲೆ ಮೈ ಹಗುರ ಆಗುತ್ತಿದ್ದರೆ ಚಿಂತೆಯಿಲ್ಲ.

ಆದರೆ ಕೂತಾಗಲೆಲ್ಲ ಎದೆ ಡವಗುಟ್ಟಿ ಸಾಯ್ತೀನೇನೋ ಅನ್ನೋ ಭಯ ಬಂದರೆ, ಹಳೇ ಕೆಟ್ಟ ಘಟನೆ ಕಣ್ಣ ಮುಂದೆ ಮತ್ತೆ ನಡೆದ ಹಾಗಾದರೆ, ಧ್ಯಾನ ನಿಲ್ಲಿಸಿ. ಎರಡು ವಾರದಿಂದ ನಿದ್ದೆಯಿಲ್ಲ, ಊಟ ಸೇರೋದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೂ ಧ್ಯಾನ ಅದಕ್ಕೆ ಔಷಧಿ ಅಲ್ಲ. ಡಾಕ್ಟರ ಹತ್ತಿರ ಹೋಗಿ. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಧ್ಯಾನ ಶುರು ಮಾಡಿದೆ ಅಂತ ಮಾತ್ರೆ ಬಿಡಬಾರದು, ದೊಡ್ಡ ಶಿಬಿರಕ್ಕೆ ಹೋಗುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲೇಬೇಕು. ಹೋಗೋಕೆ ಸಂಕೋಚ ಆದರೆ ಟೆಲಿ-ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ದಿನದ 24 ತಾಸೂ ಇರುತ್ತೆ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. ಇದರಲ್ಲಿ ನಮ್ಮ ಸೀಮೆಗೆ ಒಂದು ಹೆಮ್ಮೆ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೇ ತರಬೇತಿ ಕೊಟ್ಟು ಅಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಸಿಗುವ ಹಾಗೆ ಮಾಡಿ ನೋಡಿದರು. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದರ ಮೇಲೇ. ಹಾಗಾಗಿ ಹೋಗೋಕೆ ನಾಚಿಕೆ ಬೇಡ, ನಮ್ಮ ಪಕ್ಕದ ಮನೆಯಲ್ಲೇ ಹುಟ್ಟಿದ ವ್ಯವಸ್ಥೆ.

ಏನು ಫಲ ಸಿಗುತ್ತೆ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಲ್ಲಿ ಇದ್ದೇ ಇರುತ್ತೆ. ಬೆಳಕು ಕಾಣೋದು, ಮೈ ತೇಲೋದು, ಇವುಗಳ ಹಿಂದೆ ಹೋಗಬೇಡಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಆಸ್ಪತ್ರೆಯಲ್ಲಿ ಜಾನ್ ಕಬಾಟ್-ಜಿನ್ ಅನ್ನೋರು ನೋವು, ಒತ್ತಡ ಇರುವ ರೋಗಿಗಳಿಗೆ ಧ್ಯಾನ ಕಲಿಸಲು ಶುರು ಮಾಡಿದರು, ಆ ತರಬೇತಿಯ ಅವಧಿ ಈಗ ಎಂಟು ವಾರ. ನೀವೂ ಎಂಟು ವಾರ ಆಗುವ ತನಕ ಆಯಿತೋ ಇಲ್ಲವೋ ಅಂತ ತೀರ್ಪು ಕೊಡಬೇಡಿ. ನೋಡಬೇಕಾದದ್ದು ಕೂತಾಗ ಅಲ್ಲ, ಎದ್ದಮೇಲೆ. ಒಂದು ಸಂಜೆ ಮಗ ಹಾಲಿನ ಲೋಟ ಉರುಳಿಸುತ್ತಾನೆ. ನಿಮ್ಮ ಬಾಯಿ ಬೈಯೋಕೆ ತೆರೆದುಕೊಳ್ಳುತ್ತೆ, ಗಂಟಲು ಬಿಗಿಯುತ್ತೆ, ಕೈ ಮೇಲೇಳುತ್ತೆ. ಆ ಹೊತ್ತಿಗೆ "ಓ, ಸಿಟ್ಟು ಬಂತು" ಅಂತ ಅರೆಗಳಿಗೆ ಮೊದಲೇ ಗೊತ್ತಾಗುತ್ತೆ. ಆಮೇಲೂ ಬೈದರೆ ಬೈಯಿರಿ, ಪರವಾಗಿಲ್ಲ. ಆ ಅರೆಗಳಿಗೆ ಸಿಕ್ಕಿತಲ್ಲ, ಜಮಾ ಕಡೆ ಬರೆದುಕೊಳ್ಳಿ.

ಮುಟ್ಟಾದಾಗ ಕೂರಬಹುದಾ ಅಂತ ಕೇಳಿದಿರಿ. ಧಾರಾಳವಾಗಿ ಕೂರಬಹುದು. ಲಿಂಗಾಯತರ ಮನೆ ನಿಮ್ಮದು, ಇಷ್ಟಲಿಂಗ ಕಟ್ಟಿಕೊಂಡವರಿಗೆ ಮುಟ್ಟಿನ ಸೂತಕ ಇಲ್ಲ ಅನ್ನೋದು ಶರಣರ ಕಾಲದ ಮಾತು, ಬೇಕಿದ್ದರೆ ಅತ್ತೆಯನ್ನೇ ಕೇಳಿ. ಹೊಟ್ಟೆನೋವು, ಸೊಂಟನೋವು ಜಾಸ್ತಿ ಇದ್ದರೆ ಕೌದಿ ಬೇಡ, ಗೋಡೆಗೆ ಒರಗಿ ಕಾಲು ಚಾಚಿ ಕೂರಿ. ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಆ ಬಿಸಿಯನ್ನೇ ಗಮನಿಸಿ. ನಿದ್ದೆ ಬಂದರೆ ಮಲಗಿಬಿಡಿ.